ಮುಖವಿಲ್ಲದ ಬೇಲಿ: ಅಮೆರಿಕದ ಉಪನಗರಗಳ ವರ್ಣಭೇದ ಮತ್ತು ವ್ಯಂಗ್ಯಚಿತ್ರ

ವ್ಯಂಗ್ಯಚಿತ್ರಕಾರನಿಗೆ ಎದುರಾಳಿಯ ಮುಖ ಬೇಕು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ 1946ರಿಂದ ಐದು ದಶಕಕ್ಕೂ ಹೆಚ್ಚು ಕಾಲ ಚಿತ್ರ ಬರೆದ ಹರ್ಬರ್ಟ್ ಬ್ಲಾಕ್ ಅವರು ಸೆನೆಟರ್ ಮೆಕಾರ್ಥಿಯ ಗಲ್ಲಕ್ಕೆ ಕುರುಚಲು ಗಡ್ಡ ಅಂಟಿಸಿದರು. 1954ರಲ್ಲಿ ನಿಕ್ಸನ್‌ರನ್ನು ಚರಂಡಿಯ ಬಾಯಿಂದ ಮೇಲಕ್ಕೆ ಹತ್ತಿಸಿದರು. ಆ ಮುಖಗಳು ನೋಡಿದವರ ಮನಸ್ಸಿನಿಂದ ಮತ್ತೆ ಅಳಿಯಲಿಲ್ಲ. ಆದರೆ ಒಂದು ಉಪನಗರದ ಯೋಜನಾ ಮಂಡಳಿ ಸಂಜೆ ಸಭೆ ಸೇರಿ, ಇನ್ನು ಮುಂದೆ ಇಲ್ಲಿ ಒಂದು ಎಕರೆಗಿಂತ ಚಿಕ್ಕ ನಿವೇಶನಕ್ಕೆ ಪರವಾನಗಿ ಇಲ್ಲ ಎಂದು ನಿರ್ಣಯಿಸಿತು ಅನ್ನಿ. ಈಗ ಯಾರ ಮೂಗನ್ನು ಉದ್ದ ಮಾಡುವುದು? ಅಲ್ಲಿ ಯಾರೂ ಯಾರನ್ನೂ ಬೈದಿಲ್ಲ, ಬಣ್ಣದ ಮಾತು ಎತ್ತಿಲ್ಲ. ನಡಾವಳಿ ಪುಸ್ತಕದಲ್ಲಿರುವುದು ಚರಂಡಿ, ವಾಹನದಟ್ಟಣೆ, ಊರಿನ ಲಕ್ಷಣ ಇಷ್ಟೇ. ಆದರೂ ಆ ಒಂದು ಸಾಲಿನಿಂದ ಅಕ್ಕಪಕ್ಕದ ನಗರದ ಸಾವಿರಾರು ಕುಟುಂಬಗಳಿಗೆ ಆ ಊರಿನ ಬಾಗಿಲು ಮುಚ್ಚಿಹೋಗುತ್ತದೆ.

ಅಮೆರಿಕದ ಉಪನಗರಗಳಿಂದ ಕಪ್ಪು ಜನರನ್ನೂ ಏಷ್ಯಾ ಮೂಲದವರನ್ನೂ ಯೆಹೂದಿಗಳನ್ನೂ ಹೊರಗಿಟ್ಟ ಕಥೆ ನೂರು ವರ್ಷಕ್ಕೂ ಹಳೆಯದು. ಆ ಕಥೆಯ ಪ್ರತಿ ಘಟ್ಟದಲ್ಲೂ ವ್ಯಂಗ್ಯಚಿತ್ರಗಳಿವೆ. ಅವು ಮಾಡಿದ್ದೇನು ಎಂಬ ಬಗ್ಗೆ ಒಮ್ಮತವಿಲ್ಲ. ಅವು ಜನಾಭಿಪ್ರಾಯದ ಕನ್ನಡಿ ಎಂದು ಕೆಲವರು, ಹೋರಾಟದ ಆಯುಧ ಎಂದು ಕೆಲವರು, ನಿಜವಾದ ಯಂತ್ರವನ್ನು ಮರೆಮಾಚಿದ ಪರದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಈ ಲೇಖನದ ನಿಲುವು ಮೂರನೆಯ ಗುಂಪಿಗೆ ಹತ್ತಿರ, ಆದರೆ ಪೂರ್ತಿ ಅದರದ್ದಲ್ಲ. ಮುಖ್ಯಧಾರೆಯ ಚಿತ್ರಕಾರರು ಬಾಗಿಲನ್ನೂ ಫಲಕವನ್ನೂ ಕಲ್ಲು ತೂರುವವನನ್ನೂ ಬರೆದರು. ಬೇಲಿಯನ್ನು ನಿಜವಾಗಿ ಕಟ್ಟಿದ ಕಾಗದ ಅವರ ಕೈಗೆ ಸಿಗಲಿಲ್ಲ. ಇದನ್ನು ಕಲೆಯೊಂದರ ಸೋಲು ಎಂದು ಕೈತೊಳೆದುಕೊಳ್ಳುವಂತಿಲ್ಲ. ನ್ಯಾಯಾಲಯಗಳೂ ಅದೇ ಮುಖಕ್ಕಾಗಿ ಹುಡುಕಿ, ಸಿಗದಿದ್ದಾಗ ತಪ್ಪೇ ನಡೆದಿಲ್ಲ ಎಂದವು. ಈ ಕಟ್ಟಿನಿಂದ ತಪ್ಪಿಸಿಕೊಂಡವರು ಬೇರೆ ಜಾಗದಲ್ಲಿ ನಿಂತು ನೋಡಿದ ಕೆಲವರು.

ಕಾಗದದ ಮೇಲೆ ಎದ್ದ ಬೇಲಿ

ಮೊದಲಿಗೆ ಬಹಿಷ್ಕಾರ ಬಹಿರಂಗವಾಗಿಯೇ ಇತ್ತು. 1910ರಲ್ಲಿ ಬಾಲ್ಟಿಮೋರ್ ನಗರ ಯಾವ ಬೀದಿಯಲ್ಲಿ ಯಾವ ಬಣ್ಣದವರು ವಾಸಿಸಬೇಕೆಂದು ಶಾಸನವನ್ನೇ ಮಾಡಿತು. ಲೂಯಿವಿಲ್ ನಗರದ ಅಂಥದೇ ಶಾಸನವನ್ನು ಸುಪ್ರೀಂ ಕೋರ್ಟ್ 1917ರಲ್ಲಿ ರದ್ದುಮಾಡಿತು. ಸಮಾನತೆಯ ಮೇಲಿನ ಪ್ರೀತಿಗಿಂತ, ಮನೆ ಮಾರುವವನ ಆಸ್ತಿಹಕ್ಕಿಗೆ ಧಕ್ಕೆಯಾಗುತ್ತದೆ ಎಂಬುದೇ ಆ ತೀರ್ಪಿನ ಬೆನ್ನೆಲುಬು. ಅಲ್ಲಿಂದ ಮುಂದೆ ಬಹಿಷ್ಕಾರ ಖಾಸಗಿ ಕ್ರಯಪತ್ರದೊಳಗೆ ಹೋಗಿ ಕೂತಿತು: ಈ ಮನೆಯನ್ನು ಬಿಳಿಯರಲ್ಲದವರಿಗೆ ಮಾರತಕ್ಕದ್ದಲ್ಲ, ಬಾಡಿಗೆಗೆ ಕೊಡತಕ್ಕದ್ದಲ್ಲ, ಮನೆಗೆಲಸದವರ ಹೊರತು. ಕ್ಯಾಲಿಫೋರ್ನಿಯಾದ ಕೆಲವು ಪತ್ರಗಳಲ್ಲಿ ಭಾರತದಿಂದ ಬಂದವರೆಲ್ಲರನ್ನೂ ‘ಹಿಂದೂ’ ಎಂದು ಹೆಸರಿಸಿ ಹೊರಗಿಟ್ಟದ್ದೂ ಉಂಟು. 1926ರಲ್ಲಿ ಸುಪ್ರೀಂ ಕೋರ್ಟ್ ಇಂಥ ಷರತ್ತುಗಳಿಗೆ ಅಡ್ಡಿ ಮಾಡಲಿಲ್ಲ. 1934ರಲ್ಲಿ ಹುಟ್ಟಿದ ಫೆಡರಲ್ ವಸತಿ ಆಡಳಿತ ತನ್ನ ಕೈಪಿಡಿಯಲ್ಲಿ ಅವನ್ನು ಶಿಫಾರಸೇ ಮಾಡಿತು. ಸಾಲಕ್ಕೆ ಸರ್ಕಾರಿ ವಿಮೆ ಬೇಕೆನ್ನುವ ಬಿಲ್ಡರ್ ಷರತ್ತು ಬರೆಯಿಸಿಕೊಳ್ಳುತ್ತಿದ್ದ. ಡೆಟ್ರಾಯಿಟ್‌ನಲ್ಲಿ 1941ರಲ್ಲಿ ಒಬ್ಬ ಬಿಲ್ಡರ್ ಈ ವಿಮೆಗಾಗಿಯೇ ಕಪ್ಪು ಕೇರಿಗೂ ತನ್ನ ಹೊಸ ಬಡಾವಣೆಗೂ ನಡುವೆ ಅರ್ಧ ಮೈಲಿ ಗೋಡೆ ಕಟ್ಟಿಸಿದ. ಇಡೀ ಇತಿಹಾಸದಲ್ಲಿ ವ್ಯಂಗ್ಯಚಿತ್ರಕಾರನಿಗೆ ಸಿದ್ಧವಾಗಿಯೇ ಸಿಕ್ಕ ಅಪರೂಪದ ದೃಶ್ಯ ಅದು. ಉಳಿದೆಡೆ ಗೋಡೆ ಕಾಗದದ್ದೇ.

1948ರಲ್ಲಿ ಸೇಂಟ್ ಲೂಯಿಯ ಶೆಲ್ಲಿ ದಂಪತಿಯ ಪ್ರಕರಣದಲ್ಲಿ ಕ್ರಯಪತ್ರದ ಷರತ್ತನ್ನು ನ್ಯಾಯಾಲಯಗಳು ಜಾರಿಮಾಡುವಂತಿಲ್ಲ ಎಂದಾಯಿತು. ಆ ಹೊತ್ತಿಗೆ ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡ್‌ನಲ್ಲಿ ಲೆವಿಟ್‌ಟೌನ್ ಏಳುತ್ತಿತ್ತು. 1947ರಿಂದ 1951ರವರೆಗೆ 17,000ಕ್ಕೂ ಹೆಚ್ಚು ಮನೆಗಳು, ಎಲ್ಲವೂ ಬಿಳಿಯರಿಗೆ. 1957ರಲ್ಲಿ ಪೆನ್ಸಿಲ್ವೇನಿಯಾದ ಲೆವಿಟ್‌ಟೌನ್‌ಗೆ ಮೈಯರ್ಸ್ ಎಂಬ ಕಪ್ಪು ಕುಟುಂಬ ಬಂದಾಗ ಗುಂಪುಗಳು ದಿನಗಟ್ಟಲೆ ಮನೆಯ ಮುಂದೆ ನಿಂತವು. ಡಾ. ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದ ಒಂದು ವಾರಕ್ಕೆ, 1968ರ ಏಪ್ರಿಲ್ 11ರಂದು, ನ್ಯಾಯಯುತ ವಸತಿ ಕಾಯ್ದೆ ಬಂತು. ಬಣ್ಣದ ಹೆಸರಲ್ಲಿ ಮನೆ ನಿರಾಕರಿಸುವುದು ಕಾನೂನುಬಾಹಿರವಾಯಿತು. ನಿವೇಶನದ ಕನಿಷ್ಠ ಅಳತೆ, ಅಪಾರ್ಟ್‌ಮೆಂಟ್ ನಿಷೇಧ, ಒಂಟಿ ಕುಟುಂಬದ ಮನೆಗಷ್ಟೇ ಮೀಸಲಾದ ವಲಯ ಇವೆಲ್ಲ ಹಾಗೆಯೇ ಉಳಿದವು. 1977ರಲ್ಲಿ ಶಿಕಾಗೊ ಪಕ್ಕದ ಆರ್ಲಿಂಗ್ಟನ್ ಹೈಟ್ಸ್ ಊರು ಕಡಿಮೆ ಆದಾಯದವರ ವಸತಿಯೋಜನೆಗೆ ವಲಯ ಬದಲಿಸಲು ಒಪ್ಪದಿದ್ದ ಪ್ರಕರಣದಲ್ಲಿ, ಪರಿಣಾಮ ಅಸಮವಾಗಿದ್ದರೆ ಸಾಲದು, ಜನಾಂಗೀಯ ದುರುದ್ದೇಶ ಇತ್ತೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ವ್ಯಂಗ್ಯಚಿತ್ರಕ್ಕೆ ಬೇಕಿದ್ದ ಮುಖವನ್ನೇ ಸಂವಿಧಾನವೂ ಕೇಳಿದಂತಾಯಿತು.

ರೋಗ, ಕೊಳೆ, ಪರೋಪಜೀವಿ

ವ್ಯಂಗ್ಯಚಿತ್ರವೆಂದರೆ ದುರ್ಬಲರ ಪರ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಕನ್ನಡಿಯ ವಾದ ಮಾಡುವವರು ಮೊದಲು ಒಡೆಯುವುದು ಇದನ್ನೇ, ಮತ್ತು ಅವರ ಬಳಿ ಸಾಕಷ್ಟು ಸಾಮಗ್ರಿಯಿದೆ. ಸ್ಯಾನ್ ಫ್ರಾನ್ಸಿಸ್ಕೊದ ‘ದಿ ವಾಸ್ಪ್’ ವಾರಪತ್ರಿಕೆಯಲ್ಲಿ ಜಾರ್ಜ್ ಫ್ರೆಡರಿಕ್ ಕೆಲ್ಲರ್ 1882ರ ಮೇ ತಿಂಗಳಲ್ಲಿ ಬರೆದ ಚಿತ್ರವೊಂದರಲ್ಲಿ ಚೈನಾಟೌನಿನ ಮೇಲೆ ಮೂರು ಪಿಶಾಚಿಗಳು ತೇಲುತ್ತವೆ: ಮಲೇರಿಯಾ, ಸಿಡುಬು, ಕುಷ್ಠ. ಚೀನೀಯರ ವಲಸೆ ತಡೆಯುವ ಕಾಯ್ದೆಗೆ ಸಹಿ ಬಿದ್ದದ್ದೂ ಅದೇ ತಿಂಗಳು. ಮೂರು ವರ್ಷದ ನಂತರ ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಎಂಬ ಊರು ಬಟ್ಟೆ ಒಗೆಯುವ ಅಂಗಡಿಗಳೆಲ್ಲ ರೈಲು ಹಳಿಯ ಒಂದೇ ಪಕ್ಕದಲ್ಲಿರಬೇಕು ಎಂದು ಕಟ್ಟಳೆ ಮಾಡಿತು. ಚೀನೀಯರ ಹೆಸರು ಅದರಲ್ಲಿಲ್ಲ. ಅಂಗಡಿಗಳು ಅವರವು ಎಂಬುದು ಎಲ್ಲರಿಗೂ ಗೊತ್ತಿತ್ತು. ಅಮೆರಿಕದ ವಲಯ ನಿಯಮಗಳ ವಂಶಾವಳಿ ಬರೆಯುವವರು ಇದನ್ನು ಮೊದಲ ಸಾಲಿನಲ್ಲಿಡುತ್ತಾರೆ. ಚಿತ್ರದಿಂದಲೇ ಕಟ್ಟಳೆ ಹುಟ್ಟಿತು ಎಂದರೆ ಅತಿಯಾದೀತು. ಆದರೆ ನೆರೆಯವನನ್ನು ರೋಗವಾಗಿ ನೋಡುವ ಅಭ್ಯಾಸ ಜನರಿಗೆ ಮೊದಲೇ ಆಗಿದ್ದರೆ, ಆರೋಗ್ಯದ ಹೆಸರಿನ ನಿಯಮವನ್ನು ಯಾರೂ ಪ್ರಶ್ನಿಸುವುದಿಲ್ಲ.

ಈ ರೂಪಕ ಎಷ್ಟು ಮೇಲಕ್ಕೆ ಹತ್ತಿತು ಎಂಬುದಕ್ಕೆ 1926ರ ಯೂಕ್ಲಿಡ್ ತೀರ್ಪು ಸಾಕ್ಷಿ. ಒಹಾಯೋದ ಯೂಕ್ಲಿಡ್ ಎಂಬ ಉಪನಗರದ ವಲಯ ನಿಯಮವನ್ನು ಎತ್ತಿಹಿಡಿದು, ಇಡೀ ದೇಶದ ವಲಯ ಪದ್ಧತಿಗೆ ಬುನಾದಿ ಹಾಕಿದ ತೀರ್ಪು ಅದು. ಒಂಟಿ ಮನೆಗಳ ಬಡಾವಣೆಯಲ್ಲಿ ಅಪಾರ್ಟ್‌ಮೆಂಟ್ ಕಟ್ಟಡವನ್ನು ನ್ಯಾಯಮೂರ್ತಿ ಸದರ್‌ಲ್ಯಾಂಡ್ ಪರೋಪಜೀವಿಗೆ ಹೋಲಿಸಿದರು. ಇಲ್ಲಿ ಮನುಷ್ಯರ ಜಾಗಕ್ಕೆ ಕಟ್ಟಡ ಬಂದಿದೆ. ಕೆಳ ನ್ಯಾಯಾಲಯದ ನ್ಯಾಯಾಧೀಶ ವೆಸ್ಟನ್‌ಹೇವರ್ ಈ ನಿಯಮ ಕೊನೆಗೆ ಜನರನ್ನು ಆದಾಯದ ಪ್ರಕಾರ ವಿಂಗಡಿಸುತ್ತದೆ ಎಂದು ಎರಡು ವರ್ಷ ಮೊದಲೇ ನೇರವಾಗಿ ಬರೆದಿದ್ದರು. ಅವರ ಮಾತು ತಳ್ಳಿಹೋಯಿತು, ಪರೋಪಜೀವಿ ಉಳಿಯಿತು. ಅಮೆರಿಕದ ವಸತಿ ಚರಿತ್ರೆಯ ಅತ್ಯಂತ ಪರಿಣಾಮಕಾರಿ ವ್ಯಂಗ್ಯಚಿತ್ರವನ್ನು ಒಬ್ಬ ನ್ಯಾಯಮೂರ್ತಿಯೇ ಬರೆದರು ಎನ್ನಬೇಕೆನಿಸುತ್ತದೆ.

ಆತ್ಮಸಾಕ್ಷಿಗೆ ಬರೆದ ಚಿತ್ರಗಳು

ಎರಡನೆಯ ಪಂಥ ವ್ಯಂಗ್ಯಚಿತ್ರವನ್ನು ಆಯುಧವೆಂದು ನೋಡುತ್ತದೆ. ಇದರ ಹಿಂದಿರುವ ತತ್ತ್ವ 1944ರಲ್ಲಿ ಗುನ್ನಾರ್ ಮಿರ್ಡಾಲ್ ಬರೆದ ‘ಆ್ಯನ್ ಅಮೆರಿಕನ್ ಡೈಲೆಮಾ’ ಗ್ರಂಥದ್ದು. ಬಿಳಿ ಅಮೆರಿಕನ್ನನ ಎದೆಯಲ್ಲಿ ಅವನು ನಂಬುವ ಆದರ್ಶಕ್ಕೂ ಅವನ ನಡತೆಗೂ ಘರ್ಷಣೆಯಿದೆ. ಅದನ್ನು ಅವನ ಕಣ್ಣಮುಂದೆ ಹಿಡಿದರೆ ಬದಲಾವಣೆ ಸಾಧ್ಯ ಎಂಬ ಭರವಸೆ ಅದು. ಯುದ್ಧಾನಂತರದ ಉದಾರವಾದಿ ವ್ಯಂಗ್ಯಚಿತ್ರ ಪೂರ್ತಿಯಾಗಿ ಇದೇ ಭರವಸೆಯ ಮೇಲೆ ನಿಂತಿದೆ. ಕಂದಕದಲ್ಲಿದ್ದ ಸೈನಿಕರ ಚಿತ್ರಗಳಿಗಾಗಿ 1945ರಲ್ಲಿ ಪುಲಿಟ್ಜರ್ ಪಡೆದ ಬಿಲ್ ಮಾಲ್ಡಿನ್ ಊರಿಗೆ ಮರಳಿದ ಮೇಲೆ ಬರೆದದ್ದು ಮನೆ ಸಿಗದ ಮಾಜಿ ಸೈನಿಕರನ್ನು, ಕಪ್ಪು ಮತ್ತು ಜಪಾನಿ ಮೂಲದ ಯೋಧರು ಉಂಡ ಅವಮಾನವನ್ನು. ಪತ್ರಿಕೆಗಳು ಅವರ ಚಿತ್ರಗಳನ್ನು ಕೈಬಿಡತೊಡಗಿದವು, ವಿತರಣಾ ಸಂಸ್ಥೆ ಕೆಲವನ್ನು ತಿದ್ದಿಯೂ ಬಿಟ್ಟಿತು. 1947ರ ‘ಬ್ಯಾಕ್ ಹೋಮ್’ ಪುಸ್ತಕದಲ್ಲಿ ಅವರ ಆ ಕಾಲದ ಕೋಪವಿದೆ. ಇದೇ ಮನೋಧರ್ಮದ ಮೃದು ರೂಪ ನಾರ್ಮನ್ ರಾಕ್‌ವೆಲ್ 1967ರಲ್ಲಿ ‘ಲುಕ್’ ಪತ್ರಿಕೆಗೆ, ಉಪನಗರದ ಕಪ್ಪು ಕುಟುಂಬಗಳ ಕುರಿತ ಲೇಖನಕ್ಕಾಗಿ ಬರೆದ ಚಿತ್ರ. ಸಾಮಾನು ಲಾರಿಯ ಮುಂದೆ ಎರಡು ಕಪ್ಪು ಮಕ್ಕಳು, ಎದುರಿಗೆ ಮೂರು ಬಿಳಿ ಮಕ್ಕಳು. ಎರಡೂ ಕಡೆ ಬೇಸ್‌ಬಾಲ್ ಕೈಗವಸು. ಅದು ವ್ಯಂಗ್ಯಚಿತ್ರವಲ್ಲ, ಆದರೆ ವಾದ ಒಂದೇ: ಮಕ್ಕಳಿಗೆ ಬಿಟ್ಟರೆ ಸರಿಹೋಗುತ್ತದೆ, ಅಡ್ಡಿಯಿರುವುದು ದೊಡ್ಡವರ ಮನಸ್ಸಿನಲ್ಲಿ.

ಈ ಪಂಥ ವಿವರಿಸಲಾರದ ಸಂಗತಿ ಕ್ಯಾಲಿಫೋರ್ನಿಯಾದಲ್ಲಿ ನಡೆಯಿತು. 1963ರಲ್ಲಿ ಆ ರಾಜ್ಯ ವಸತಿ ತಾರತಮ್ಯದ ವಿರುದ್ಧ ರಮ್‌ಫರ್ಡ್ ಕಾಯ್ದೆ ತಂದಿತು. ಮರುವರ್ಷವೇ ಅದನ್ನು ನಿಷ್ಫಲಗೊಳಿಸುವ 14ನೇ ಪ್ರಸ್ತಾಪ ಮತಕ್ಕೆ ಬಂತು, ಸುಮಾರು ಶೇ. 65ರಷ್ಟು ಮತಗಳಿಂದ ಗೆದ್ದಿತು. ಅದೇ ದಿನ ಅದೇ ಮತದಾರರು ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದ ಲಿಂಡನ್ ಜಾನ್ಸನ್‌ರನ್ನೂ ಭಾರಿ ಬಹುಮತದಿಂದ ಗೆಲ್ಲಿಸಿದರು. ದಕ್ಷಿಣದ ಶೆರಿಫನ ನಾಯಿ, ನೀರಿನ ಪೈಪು, ಕು ಕ್ಲಕ್ಸ್ ಕ್ಲಾನಿನ ಟೋಪಿ ಇವನ್ನು ದಿನಾ ಪತ್ರಿಕೆಯಲ್ಲಿ ನೋಡಿದ ಉಪನಗರದ ಗೃಹಸ್ಥ ‘ನಾನು ಅವನಲ್ಲ’ ಎಂದು ಪ್ರಾಮಾಣಿಕವಾಗಿಯೇ ಹೇಳಬಲ್ಲವನಾಗಿದ್ದ. ಅವನಿಗೆ ಇದು ತನ್ನ ಆಸ್ತಿಯ ವಿಷಯ. ಖಳನ ಮುಖ ಎಷ್ಟು ಭಯಂಕರವಾದರೆ ಸಭ್ಯನಿಗೆ ಅದರಿಂದ ತಪ್ಪಿಸಿಕೊಳ್ಳುವುದು ಅಷ್ಟು ಸುಲಭ. ಉದಾರವಾದಿಗಳ ನಡುವೆ ಇದನ್ನು ಮೊದಲು ಹಿಡಿದವರು ಜೂಲ್ಸ್ ಫೈಫರ್. ‘ವಿಲೇಜ್ ವಾಯ್ಸ್’ನ ಅವರ ಪಟ್ಟಿಚಿತ್ರಗಳಲ್ಲಿ ಖಳನೂ ಇಲ್ಲ, ಬೇಲಿಯೂ ಇಲ್ಲ. ಒಬ್ಬ ವಿದ್ಯಾವಂತ ಬಿಳಿಯ ನಿಂತಲ್ಲೇ ಮಾತಾಡುತ್ತಾನೆ, ತನ್ನನ್ನು ತಾನೇ ಸಮರ್ಥಿಸಿಕೊಳ್ಳುತ್ತಾ ಚೌಕದಿಂದ ಚೌಕಕ್ಕೆ ಜಾರುತ್ತಾನೆ. ಮುಖ ಬರೆಯುವ ಬದಲು ಮಾತನ್ನು ಬರೆದದ್ದು ಅವರ ಜಾಣತನ. ಯೋಜನಾ ಮಂಡಳಿಯ ನಡಾವಳಿಗೆ ಅತಿ ಹತ್ತಿರ ಬಂದ ರೂಪ ಅದೇ.

ಒಳಗಿನಿಂದ ಕಂಡ ಮನೆ

ಮುಖ್ಯಧಾರೆಯ ಚಿತ್ರಗಳಲ್ಲಿ ಕಪ್ಪು ಕುಟುಂಬ ಯಾವಾಗಲೂ ಮನೆಯ ಹೊರಗೆ, ಬಾಗಿಲ ಮುಂದೆ, ಸೂಟ್‌ಕೇಸ್ ಹಿಡಿದು ನಿಂತಿರುತ್ತದೆ. ನೋಡುಗ ನಿಂತಿರುವುದೂ ಬೀದಿಯಲ್ಲೇ. ಕಪ್ಪು ಜನರ ಪತ್ರಿಕೆಗಳನ್ನು ತೆರೆದರೆ ಕ್ಯಾಮೆರಾ ಒಳಗೆ ಬಂದಂತಾಗುತ್ತದೆ. ‘ಪಿಟ್ಸ್‌ಬರ್ಗ್ ಕೊರಿಯರ್’ ಪತ್ರಿಕೆಯಲ್ಲಿ 1945ರಿಂದ 1956ರವರೆಗೆ ಜಾಕಿ ಆರ್ಮ್ಸ್ ಬರೆದ ‘ಪ್ಯಾಟಿ-ಜೋ ಆ್ಯಂಡ್ ಜಿಂಜರ್’ ನೋಡಿ. ಒಂದೇ ಚೌಕ, ಅಕ್ಕ ಜಿಂಜರ್ ಸುಂದರವಾಗಿ ಉಡುಗೆ ತೊಟ್ಟು ಸುಮ್ಮನಿರುತ್ತಾಳೆ, ಐದಾರು ವರ್ಷದ ತಂಗಿ ಪ್ಯಾಟಿ-ಜೋ ತೆರಿಗೆಯಿಂದ ಹಿಡಿದು ಅಮೆರಿಕ-ವಿರೋಧಿ ಚಟುವಟಿಕೆಗಳ ಸಮಿತಿಯವರೆಗೆ ಎಲ್ಲದರ ಬಗ್ಗೆ ಮಾತಾಡುತ್ತಾಳೆ. ಬಿಳಿ ಹೆಂಗಸಿಗೆ ಸಿಳ್ಳೆ ಹಾಕಿದನೆಂದು ಎಮೆಟ್ ಟಿಲ್ ಎಂಬ ಬಾಲಕನನ್ನು 1955ರಲ್ಲಿ ಕೊಂದಾಗ, ಅಡುಗೆಮನೆಯ ಬಿಳಿ ಕೆಟಲ್ ತನಗೆ ಸಿಳ್ಳೆ ಹಾಕಿತೆಂದು ಅವಳು ದೂರುವ ಚಿತ್ರ ಈಗಲೂ ಮೈ ಜುಮ್ಮೆನಿಸುತ್ತದೆ. ಆದರೆ ವಸತಿಯ ದೃಷ್ಟಿಯಿಂದ ನೋಡಬೇಕಾದದ್ದು ಹಿನ್ನೆಲೆಯನ್ನು: ಒಳ್ಳೆಯ ಪೀಠೋಪಕರಣ, ಅಚ್ಚುಕಟ್ಟಾದ ಕೋಣೆ, ಅದರಲ್ಲಿ ನೆಮ್ಮದಿಯಾಗಿ ಬದುಕುವ ಕಪ್ಪು ಕುಟುಂಬ. ಕಪ್ಪು ಜನ ಬಂದರೆ ಬಡಾವಣೆಯ ಬೆಲೆ ಕುಸಿಯುತ್ತದೆಂದು ರಿಯಲ್ ಎಸ್ಟೇಟ್ ಸಂಘ ತನ್ನ ನೀತಿಸಂಹಿತೆಯಲ್ಲೇ ಬರೆದುಕೊಂಡಿದ್ದ ಕಾಲವದು. ಆರ್ಮ್ಸ್ ಅದಕ್ಕೆ ಮರುಮಾತು ಹೇಳಲಿಲ್ಲ, ಆ ಮನೆಯನ್ನು ಬರೆದರು.

ಆಲಿವರ್ ಹ್ಯಾರಿಂಗ್ಟನ್ ದಾರಿ ಬೇರೆ. 1935ರಿಂದ ನಡೆದ ಅವರ ‘ಡಾರ್ಕ್ ಲಾಫ್ಟರ್’ ಚಿತ್ರಗಳ ಬೂಟ್ಸಿ ಹಾರ್ಲೆಮ್ಮಿನ ಕಿಕ್ಕಿರಿದ ಮನೆಗಳ ಮನುಷ್ಯ. ಉಪನಗರದ ಹಸಿರು ಹುಲ್ಲಿನ ಇನ್ನೊಂದು ತುದಿ ಆ ಕಿಕ್ಕಿರಿತ ಎಂಬುದನ್ನು ಅವರ ಓದುಗರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಫ್‌ಬಿಐ ಕಣ್ಣಿಟ್ಟಾಗ ಹ್ಯಾರಿಂಗ್ಟನ್ ಪ್ಯಾರಿಸಿಗೆ, ಮುಂದೆ ಪೂರ್ವ ಬರ್ಲಿನ್‌ಗೆ ಹೋಗಿ ನೆಲೆಸಿದರು. ಬ್ರಮ್ಸಿಕ್ ಬ್ರ್ಯಾಂಡನ್ 1968ರಿಂದ ಬರೆದ ‘ಲೂಥರ್’ ಪಟ್ಟಿಯಲ್ಲಿ ಮಕ್ಕಳ ಶಾಲೆಯ ಹೆಸರು ಅಲಬ್ಯಾಸ್ಟರ್, ಶಿಕ್ಷಕಿಯ ಹೆಸರು ಮಿಸ್ ಬ್ಯಾಕ್‌ಲ್ಯಾಶ್. ನಾಗರಿಕ ಹಕ್ಕುಗಳ ವಿರುದ್ಧ ಬಿಳಿಯರ ಪ್ರತಿರೋಧಕ್ಕೆ ಪತ್ರಿಕೆಗಳು ಬಳಸುತ್ತಿದ್ದ ಶಬ್ದವೇ ಟೀಚರಮ್ಮನ ಹೆಸರಾಯಿತು. ಹಾಗೆ ನೋಡಿದರೆ, ಬಿಳಿ ಚಿತ್ರಕಾರರೇ ಬರೆದ ಮಕ್ಕಳ ಪಟ್ಟಿಯೊಂದು ಈ ಚರ್ಚೆಗೆ ಅರಿಯದೆಯೇ ಒಳ್ಳೆಯ ಸಾಕ್ಷ್ಯ ಒದಗಿಸಿತು. ಕಿಂಗ್ ಹತ್ಯೆಯ ಬಳಿಕ ಹ್ಯಾರಿಯೆಟ್ ಗ್ಲಿಕ್‌ಮನ್ ಎಂಬ ಶಿಕ್ಷಕಿ ಚಾರ್ಲ್ಸ್ ಶುಲ್ಟ್ಸ್ ಅವರಿಗೆ ಪತ್ರ ಬರೆದು ‘ಪೀನಟ್ಸ್’ಗೆ ಕಪ್ಪು ಮಗುವನ್ನು ತರಲು ಕೇಳಿದರು. 1968ರ ಜುಲೈ 31ರಂದು ಫ್ರಾಂಕ್ಲಿನ್ ಬಂದ. ವಸತಿ ಕಾಯ್ದೆಗೆ ಆಗ ನಾಲ್ಕು ತಿಂಗಳೂ ತುಂಬಿರಲಿಲ್ಲ. ಅವನು ಚಾರ್ಲಿ ಬ್ರೌನ್‌ಗೆ ಸಿಕ್ಕಿದ್ದು ಸಮುದ್ರತೀರದಲ್ಲಿ, ಪಕ್ಕದ ಮನೆಯಲ್ಲಿ ಅಲ್ಲ. ಅದೇ ಶರತ್ಕಾಲ ಚಾರ್ಲಿಯ ಬೀದಿಗೆ ಬಂದ ಫ್ರಾಂಕ್ಲಿನ್ ಅಲ್ಲಿನ ವಿಚಿತ್ರ ಮಕ್ಕಳನ್ನು ಕಂಡು ದಿಗಿಲುಬಿದ್ದು ಮನೆಗೆ ಹಿಂದಿರುಗುತ್ತಾನೆ. ಆ ಹುಡುಗ ಬಿಳಿ ಮಕ್ಕಳ ತರಗತಿಯಲ್ಲಿ ಕೂತದ್ದಕ್ಕೆ ದಕ್ಷಿಣದ ಸಂಪಾದಕರೊಬ್ಬರು ಆಕ್ಷೇಪಿಸಿದರು. ಅವನ ಮನೆ ಎಲ್ಲಿದೆ ಎಂದು ಮಾತ್ರ ಯಾರಿಗೂ ಕೇಳಬೇಕೆನಿಸಲಿಲ್ಲ.

ಈ ದೃಷ್ಟಿ ಪೂರ್ತಿಯಾಗಿ ತಿರುಗಿದ್ದು 1999ರಲ್ಲಿ, ಏರನ್ ಮಗ್ರೂಡರ್ ಅವರ ‘ದಿ ಬೂನ್‌ಡಾಕ್ಸ್’ ದೇಶದಾದ್ಯಂತ ಪ್ರಕಟವಾಗತೊಡಗಿದಾಗ. ಶಿಕಾಗೊದ ದಕ್ಷಿಣ ಭಾಗದಿಂದ ಹ್ಯೂಯಿ, ರೈಲಿ ಎಂಬ ಸೋದರರನ್ನು ತಾತ ವುಡ್‌ಕ್ರೆಸ್ಟ್ ಎಂಬ ಬಿಳಿಯರ ಉಪನಗರಕ್ಕೆ ಕರೆತರುತ್ತಾನೆ. ಬಾಗಿಲು ತೆರೆದಿದೆ, ಕಲ್ಲು ಬೀಳುವುದಿಲ್ಲ, ನೆರೆಹೊರೆಯವರು ನಗುತ್ತಲೇ ಮಾತಾಡಿಸುತ್ತಾರೆ. ಹ್ಯೂಯಿಯ ಸಿಟ್ಟು ಹುಟ್ಟುವುದು ಆ ನಗುವಿನಿಂದಲೇ. ತಾತನಿಗೋ ಆ ಹುಲ್ಲುಹಾಸು ಜೀವಮಾನದ ಗಳಿಕೆ. ಒಂದೇ ಮನೆಯೊಳಗೆ ಎರಡು ರಾಜಕಾರಣಗಳನ್ನು ಇಟ್ಟದ್ದರಿಂದ ಪಟ್ಟಿಗೆ ಬಲ ಬಂತು. ಮಗ್ರೂಡರ್ ಬೆಳೆದದ್ದು ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ. ಜೇಮ್ಸ್ ರೌಸ್ ಎಂಬ ಉದ್ಯಮಿ ಎಲ್ಲ ಬಣ್ಣದವರೂ ಕೂಡಿ ಬಾಳಲೆಂದೇ 1967ರಲ್ಲಿ ತೆರೆದ ಊರು ಅದು. ಬಹಿಷ್ಕಾರದ ಅತ್ಯಂತ ಚೂಪಾದ ಚಿತ್ರಣ ಬಂದದ್ದು ಬಹಿಷ್ಕಾರವಿಲ್ಲದ ಉಪನಗರದಲ್ಲಿ ಬೆಳೆದವರಿಂದ ಎಂಬುದು ಆತ್ಮಸಾಕ್ಷಿ ಪಂಥಕ್ಕೂ ಕನ್ನಡಿ ಪಂಥಕ್ಕೂ ಸುಲಭವಾಗಿ ಒಗ್ಗುವ ಸಂಗತಿಯಲ್ಲ. ಕಪ್ಪು ಚಿತ್ರಕಾರರ ಚಿತ್ರಣ ಶೈಲಿಗಳನ್ನು ಪೌರತ್ವದ ಪ್ರಶ್ನೆಯಾಗಿ ಓದುವ ರೆಬೆಕಾ ವಾಂಜೊ ಅವರಂಥ ವಿದ್ವಾಂಸರು ಈ ಪರಂಪರೆಯನ್ನು ಮುನ್ನೆಲೆಗೆ ತಂದದ್ದು ತೀರಾ ಇತ್ತೀಚೆಗೆ.

ಪತ್ರಿಕೆಯ ಲೆಕ್ಕಪುಸ್ತಕ

ಇದಕ್ಕೆಲ್ಲ ಹಣದ ಉತ್ತರ ಕೊಡುವವರೂ ಇದ್ದಾರೆ. ಯುದ್ಧಾನಂತರ ನಗರದ ಪತ್ರಿಕೆಗಳ ಓದುಗರು ಉಪನಗರಕ್ಕೆ ಹೋದರು, ಜಾಹೀರಾತುದಾರರು ಬೆನ್ನಹಿಂದೆ ಹೋದರು. ಭಾನುವಾರದ ರಿಯಲ್ ಎಸ್ಟೇಟ್ ಪುರವಣಿ ಒಳ್ಳೆಯ ಆದಾಯವಾಯಿತು. ಸಂಪಾದಕೀಯ ಪುಟದಲ್ಲಿ ಸಮಾನತೆಯ ಚಿತ್ರ, ಹಿಂಬದಿಯಲ್ಲಿ ಬಿಳಿ ಕುಟುಂಬ ನಗುವ ಬಡಾವಣೆಯ ಜಾಹೀರಾತು. 1972ರಲ್ಲಿ ಮೇರಿಲ್ಯಾಂಡಿನ ಒಂದು ಪತ್ರಿಕೆ ‘ಬಿಳಿಯರ ಮನೆ’ಯಲ್ಲಿ ಬಾಡಿಗೆ ಕೋಣೆಯಿದೆ ಎಂಬ ಜಾಹೀರಾತು ಹಾಕಿದ್ದು ಕಾನೂನುಬಾಹಿರ ಎಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಬೇಕಾಯಿತು. 1991ರಲ್ಲಿ ಮತ್ತೊಂದು ಮೇಲ್ಮನವಿ ನ್ಯಾಯಾಲಯ, ವರ್ಷಗಟ್ಟಲೆ ಬಿಳಿ ರೂಪದರ್ಶಿಗಳನ್ನೇ ತೋರಿಸಿದ ವಸತಿ ಜಾಹೀರಾತುಗಳ ಬಗ್ಗೆ ನ್ಯೂಯಾರ್ಕ್ ಟೈಮ್ಸ್ ಮೇಲಿನ ದಾವೆ ಮುಂದುವರಿಯಬಹುದು ಎಂದಿತು. ಇನ್ನು ಕುಂಚ ಹಿಡಿದವರು ಯಾರು? ನಗರಗಳ ಗಲಭೆಗಳ ಬಗ್ಗೆ ವಿಚಾರಣೆ ನಡೆಸಿದ 1968ರ ಕರ್ನರ್ ಆಯೋಗ ಸುದ್ದಿಮನೆಗಳಲ್ಲಿ ಕಪ್ಪು ಪತ್ರಕರ್ತರು ಶೇ. 5ಕ್ಕಿಂತ ಕಡಿಮೆ ಎಂದು ಕಂಡಿತು. 1922ರಲ್ಲಿ ಆರಂಭವಾದ ಸಂಪಾದಕೀಯ ವ್ಯಂಗ್ಯಚಿತ್ರದ ಪುಲಿಟ್ಜರ್ ಕಪ್ಪು ಕಲಾವಿದರೊಬ್ಬರ ಕೈಗೆ ಬಂದದ್ದು 2019ರಲ್ಲಿ. ವಾದ ಗಟ್ಟಿಯಾದದ್ದೇ. ಆದರೂ ಮಾಲ್ಡಿನ್ ಚಿತ್ರಗಳನ್ನು ಕೈಬಿಟ್ಟ ಪತ್ರಿಕೆಗಳನ್ನು ಇದು ವಿವರಿಸುವಷ್ಟು ಚೆನ್ನಾಗಿ, ಅವನ್ನು ಹಾಕುತ್ತಲೇ ಹೋದ ಪತ್ರಿಕೆಗಳನ್ನು ವಿವರಿಸುವುದಿಲ್ಲ.

ಖಳನಿಲ್ಲದ ಚಿತ್ರ

ಕಲಾ ಇತಿಹಾಸಕಾರ ಗೊಂಬ್ರಿಕ್ 1960ರ ದಶಕದ ಮೊದಲಲ್ಲೇ ತೋರಿಸಿದ್ದಂತೆ ವ್ಯಂಗ್ಯಚಿತ್ರದ ಶಕ್ತಿ ಇರುವುದು ಚದುರಿದ ಸಂಗತಿಗಳನ್ನು ಒಂದೇ ಬಿಂಬಕ್ಕೆ ಕುಗ್ಗಿಸುವುದರಲ್ಲಿ, ಅಮೂರ್ತಕ್ಕೆ ದೇಹ ಕೊಡುವುದರಲ್ಲಿ. ಹಾಗಿದ್ದರೆ ದೇಹವೇ ಇಲ್ಲದ ವ್ಯವಸ್ಥೆಯನ್ನು ಏನು ಮಾಡುವುದು? ಒಂದು ಉತ್ತರ ಅರ್ಥಶಾಸ್ತ್ರಜ್ಞರಿಂದ ಬಂತು. ಥಾಮಸ್ ಶೆಲ್ಲಿಂಗ್ 1971ರಲ್ಲಿ ಚೌಕಮಣೆಯ ಮೇಲೆ ಎರಡು ಬಗೆಯ ನಾಣ್ಯಗಳನ್ನಿಟ್ಟು, ಪ್ರತಿ ನಾಣ್ಯಕ್ಕೂ ತನ್ನಂಥ ನೆರೆಯವರು ಒಂದಿಷ್ಟು ಇದ್ದರೆ ಸಾಕು ಎಂಬ ಸೌಮ್ಯ ಬಯಕೆ ಕೊಟ್ಟರು. ಸ್ವಲ್ಪ ಹೊತ್ತಿನಲ್ಲೇ ಮಣೆ ಪೂರ್ತಿ ಇಬ್ಭಾಗವಾಯಿತು, ದ್ವೇಷಿಸುವವರು ಯಾರೂ ಇಲ್ಲದೆ. 2014ರಲ್ಲಿ ವೈ ಹಾರ್ಟ್ ಮತ್ತು ನಿಕಿ ಕೇಸ್ ಇದನ್ನೇ ಮುಖವಿರುವ ತ್ರಿಕೋನ-ಚೌಕಗಳ ಆಟವನ್ನಾಗಿ ಮಾಡಿದರು. ಖಳನಿಲ್ಲದ ಬಹಿಷ್ಕಾರದ ಚಿತ್ರ ಕೊನೆಗೂ ಸಿಕ್ಕಿತು ಅನ್ನಬಹುದು. ಆದರೆ ಆ ಮಣೆಯಲ್ಲಿ ಸಾಲ ಕೊಡುವ ಬ್ಯಾಂಕಿಲ್ಲ, ವಿಮೆ ಕೊಡುವ ಸರ್ಕಾರವಿಲ್ಲ, ಕ್ರಯಪತ್ರವಿಲ್ಲ. ಎಲ್ಲ ನಾಣ್ಯವೂ ಬೇಕಾದಲ್ಲಿಗೆ ಹೋಗಬಹುದು. ರಿಚರ್ಡ್ ರಾತ್‌ಸ್ಟೀನ್ 2017ರ ‘ದಿ ಕಲರ್ ಆಫ್ ಲಾ’ ಪುಸ್ತಕದಲ್ಲಿ ಎದುರು ತುದಿಯಿಂದ ವಾದಿಸಿದರು: ಇದನ್ನು ಸರ್ಕಾರವೇ ಕಟ್ಟಿತು, ತಿಳಿದೂ ತಿಳಿದೂ ಕಟ್ಟಿತು.

ಆ ವಾದಕ್ಕೆ ಜನಮನದಲ್ಲಿ ನಿಂತ ಚಿತ್ರ ಯಾವ ಕಲಾವಿದನದ್ದೂ ಅಲ್ಲ. 1930ರ ದಶಕದಲ್ಲಿ ಗೃಹಸಾಲ ನಿಗಮ ಸಿದ್ಧಪಡಿಸಿದ ನಗರ ನಕ್ಷೆಗಳವು: ಉತ್ತಮ ಬಡಾವಣೆಗೆ ಹಸಿರು, ಅಪಾಯದ್ದಕ್ಕೆ ಕೆಂಪು, ಕಪ್ಪು ಜನರಿರುವ ಕೇರಿ ಬಹುಪಾಲು ಕೆಂಪು. ರಿಚ್ಮಂಡ್ ವಿಶ್ವವಿದ್ಯಾಲಯ ಅವನ್ನು ಅಂತರ್ಜಾಲಕ್ಕೆ ಏರಿಸಿದ ಮೇಲೆ ಪಠ್ಯದಲ್ಲೂ ವ್ಯಂಗ್ಯಚಿತ್ರದಲ್ಲೂ ಆ ಕೆಂಪೇ ಬಹಿಷ್ಕಾರದ ಬಣ್ಣವಾಯಿತು. ತೊಡಕಿರುವುದು ಇಲ್ಲೇ. ಏಮಿ ಹಿಲಿಯರ್ 2003ರಲ್ಲೇ ಎತ್ತಿದ ಪ್ರಶ್ನೆಯ ಪ್ರಕಾರ ಆ ನಕ್ಷೆಗಳು ಖಾಸಗಿ ಬ್ಯಾಂಕುಗಳ ಕೈಗೆ ವ್ಯಾಪಕವಾಗಿ ಹೋಗಿರಲಿಲ್ಲ. ಹೆಚ್ಚು ಹಾನಿ ಮಾಡಿದ್ದು ವಸತಿ ಆಡಳಿತದ ವಿಮಾ ನಿಯಮಗಳು, ಅಂದರೆ ನೋಡಲು ಏನೂ ಇಲ್ಲದ ಮುದ್ರಿತ ಕೈಪಿಡಿ. ವ್ಯಕ್ತಿಯ ಮುಖದ ಜಾಗಕ್ಕೆ ನಕ್ಷೆಯ ಮುಖ ಬಂತು. ಅದು ದೊಡ್ಡ ಸುಧಾರಣೆ ಹೌದು, ಏಕೆಂದರೆ ದೋಷವನ್ನು ವ್ಯವಸ್ಥೆಯ ಮೇಲೆ ಇಡುತ್ತದೆ. ಆದರೆ ಕಣ್ಣಿಗೆ ಕಾಣುವುದೇ ಕಾರಣವಿರಬೇಕು ಎಂಬ ಹಳೆಯ ಚಟ ಬಿಟ್ಟಿಲ್ಲ. ಜೊತೆಗೆ, 1930ರ ದಶಕದ ನಕ್ಷೆ ತೋರಿಸಿದಾಗ ಅಪರಾಧ ಸತ್ತವರದಾಗುತ್ತದೆ. ಕಳೆದ ವಾರದ ಯೋಜನಾ ಸಭೆ ಮತ್ತೆ ಚೌಕಟ್ಟಿನಾಚೆ ಉಳಿಯುತ್ತದೆ.

ಎರಡು ಆಕ್ಷೇಪಗಳು

ಈ ನಿಲುವಿಗೆ ಮೊದಲ ಆಕ್ಷೇಪ: ಮುಖಗಳು ಕಲ್ಪಿತವಲ್ಲವಲ್ಲ? 1951ರಲ್ಲಿ ಸಿಸೆರೊ ಉಪನಗರದಲ್ಲಿ ಒಂದು ಕಪ್ಪು ಕುಟುಂಬ ಬಾಡಿಗೆಗೆ ಹಿಡಿದ ಮನೆಯ ಮೇಲೆ ಸಾವಿರಾರು ಜನ ಮುಗಿಬಿದ್ದರು. 1966ರಲ್ಲಿ ಶಿಕಾಗೊದ ಮಾರ್ಕ್ವೆಟ್ ಪಾರ್ಕಿನಲ್ಲಿ ಕಿಂಗ್ ಅವರಿಗೇ ಕಲ್ಲೇಟು ಬಿತ್ತು. ಇದನ್ನು ಒಪ್ಪಲೇಬೇಕು. ಗುಂಪು ಇತ್ತು, ಮತ್ತು ಕಾಗದ ಮೌನವಾಗಿ ಕೆಲಸ ಮಾಡಲು ಆ ಗುಂಪಿನ ಭಯವೂ ಕಾರಣ. ಆದರೆ ಗುಂಪು ಚದುರಿದ ಮೇಲೂ ಬೇಲಿ ನಿಂತೇ ಇತ್ತು. 1968ರ ನಂತರದ ಐದು ದಶಕಗಳ ಬಹಿಷ್ಕಾರಕ್ಕೆ ಕಲ್ಲು ತೂರುವವನ ಚಿತ್ರ ಏನೂ ಹೇಳದು. ಎರಡನೆಯದು: ಒಂದು ಚೌಕದ ಚಿತ್ರದಿಂದ ಕಾನೂನಿನ ಪ್ರಬಂಧ ಬಯಸುವುದು ಅನ್ಯಾಯವಲ್ಲವೇ? ಬೇರೆ ವಿಷಯಗಳಲ್ಲಿ ಈ ಕಲೆ ಅಮೂರ್ತವನ್ನು ಸಲೀಸಾಗಿ ಹಿಡಿದಿದೆ. ಥಾಮಸ್ ನ್ಯಾಸ್ಟ್ ಪಕ್ಷಗಳ ಆನೆ-ಕತ್ತೆಗಳನ್ನು ಜನಪ್ರಿಯಗೊಳಿಸಿದರು, ಹರ್ಬರ್ಟ್ ಬ್ಲಾಕ್ ಅಣುಬಾಂಬಿಗೆ ‘ಮಿಸ್ಟರ್ ಆ್ಯಟಮ್’ ಎಂಬ ದೇಹ ಕೊಟ್ಟರು. ಕನಿಷ್ಠ ನಿವೇಶನ ನಿಯಮಕ್ಕೆ ಯಾವ ಪ್ರಾಣಿಯೂ ಸಿಗಲಿಲ್ಲ ಎಂದರೆ ಹುಡುಕುವ ಒತ್ತಡ ಇರಲಿಲ್ಲ ಎಂದೇ ಅರ್ಥ. ಸಂಪಾದಕ, ಚಿತ್ರಕಾರ, ಓದುಗ ಮೂವರೂ ಅದೇ ನಿಯಮದ ನೆರಳಲ್ಲಿ ಮನೆ ಮಾಡಿಕೊಂಡಿದ್ದರು.

ಇತ್ಯರ್ಥವಾಗದ್ದು

2020ರ ಜುಲೈನಲ್ಲಿ ಟ್ರಂಪ್ ವಸತಿ ತಾರತಮ್ಯದ ವಿರುದ್ಧದ ಒಬಾಮಾ ಕಾಲದ ನಿಯಮವನ್ನು ತೆಗೆದುಹಾಕಿ, ಉಪನಗರದ ನೆಮ್ಮದಿ ಉಳಿಸಿದೆನೆಂದು ಸಾರಿದರು. ಅದಕ್ಕೆ ತಿಂಗಳ ಹಿಂದೆ ಸೇಂಟ್ ಲೂಯಿಯ ಖಾಸಗಿ ಬೀದಿಯಲ್ಲಿ ವಕೀಲ ದಂಪತಿ ಪ್ರತಿಭಟನಕಾರರತ್ತ ಬಂದೂಕು ಹಿಡಿದಿದ್ದರು. ಬರಿಗಾಲು, ಗುಲಾಬಿ ಅಂಗಿ, ಅರಮನೆಯಂಥ ಮನೆ ವ್ಯಂಗ್ಯಚಿತ್ರಕಾರರಿಗೆ ಹಬ್ಬವಾಯಿತು. ಶೆಲ್ಲಿ ತೀರ್ಪಿಗೆ ಕಾರಣವಾದ ನಗರವೇ ಅದು. ಖಾಸಗಿ ಬೀದಿಗಳು ಅಲ್ಲಿನ ಹಳೆಯ ಬೇಲಿ. ಎಲ್ಲರ ಕಣ್ಣೂ ಬಂದೂಕಿನ ಮೇಲಿತ್ತು. ಅದೇ ವೇಳೆ ಉದಾರವಾದಿಗಳನ್ನು ಕುಟುಕುವ ಹೊಸ ಮಾದರಿಯೂ ಬಂತು: ಎಲ್ಲರಿಗೂ ಸ್ವಾಗತ ಎಂಬ ಫಲಕ, ಅದು ನೆಟ್ಟಿರುವುದು ಅಪಾರ್ಟ್‌ಮೆಂಟ್ ಕಟ್ಟಲು ಬಿಡದ ವಲಯದ ಹುಲ್ಲಿನಲ್ಲಿ. ಇದು ಫೈಫರ್ ಬಿಟ್ಟ ಎಳೆಯ ಮುಂದುವರಿಕೆಯೋ, ಬಣ್ಣದ ಪ್ರಶ್ನೆಯನ್ನು ಬರೀ ಬೆಲೆ-ಪೂರೈಕೆಯ ಪ್ರಶ್ನೆಯಾಗಿ ತೆಳುಗೊಳಿಸುವ ಹೊಸ ಖಳಸೃಷ್ಟಿಯೋ ಎಂಬ ಬಗ್ಗೆ ಜಗಳ ನಡೆಯುತ್ತಲೇ ಇದೆ. ಒಂಟಿ ಮನೆಯ ವಲಯವನ್ನು ಮಿನಿಯಾಪೊಲಿಸ್, ಆರಿಗನ್, ಕ್ಯಾಲಿಫೋರ್ನಿಯಾಗಳು ಸಡಿಲಿಸಿವೆ. ಅದರಲ್ಲಿ ಚಿತ್ರಗಳ ಪಾಲೆಷ್ಟು, ಬಾಡಿಗೆ ಏರಿಕೆಯ ಪಾಲೆಷ್ಟು ಎಂದು ಬೇರ್ಪಡಿಸುವ ವಿಧಾನ ಯಾವ ಪಂಥದ ಬಳಿಯೂ ಇಲ್ಲ. 14ನೇ ಪ್ರಸ್ತಾಪದ ಗೆಲುವು ಆತ್ಮಸಾಕ್ಷಿಯ ಚಿತ್ರಗಳ ಸೋಲನ್ನು ಸೂಚಿಸುತ್ತದೆ. ಆ ಚಿತ್ರಗಳೇ ಇಲ್ಲದಿದ್ದರೆ 1968ರ ಕಾಯ್ದೆ ಬರುತ್ತಿತ್ತೇ ಎಂಬುದಕ್ಕೆ ಅದು ಉತ್ತರವಲ್ಲ.

ನಮ್ಮವರಿಗೆ ತಟ್ಟುವ ಒಂದು ಪ್ರಶ್ನೆ ಇನ್ನೂ ಯಾರೂ ಸರಿಯಾಗಿ ಎತ್ತಿಕೊಳ್ಳದೆ ಬಿದ್ದಿದೆ. ಲಾಂಗ್ ಐಲ್ಯಾಂಡಿನ ‘ನ್ಯೂಸ್‌ಡೇ’ ಪತ್ರಿಕೆ 2019ರಲ್ಲಿ ಗುಪ್ತವಾಗಿ ಜೋಡಿ ಗ್ರಾಹಕರನ್ನು ಕಳಿಸಿ ರಿಯಲ್ ಎಸ್ಟೇಟ್ ಏಜೆಂಟರನ್ನು ಪರೀಕ್ಷಿಸಿದಾಗ ಕಪ್ಪು ಗ್ರಾಹಕರಿಗೆ ಶೇ. 49, ಹಿಸ್ಪಾನಿಕ್ ಗ್ರಾಹಕರಿಗೆ ಶೇ. 39, ಏಷ್ಯನ್ ಗ್ರಾಹಕರಿಗೆ ಶೇ. 19 ಸಂದರ್ಭಗಳಲ್ಲಿ ಬೇರೆ ಬಗೆಯ ಉಪಚಾರ ಸಿಕ್ಕಿತು. ನ್ಯೂಜೆರ್ಸಿಯಿಂದ ಕ್ಯಾಲಿಫೋರ್ನಿಯಾದವರೆಗೆ ಒಳ್ಳೆಯ ಶಾಲೆಯ ಗಡಿ ನೋಡಿ ಮನೆ ಕೊಂಡ ಭಾರತೀಯರು, ಅವರಲ್ಲಿ ಕನ್ನಡಿಗರೂ, ಈ ಅಂಕಿಯಲ್ಲಿ ಹೊರಗಿಡಲ್ಪಟ್ಟವರೂ ಹೌದು, ಯೋಜನಾ ಸಭೆಯಲ್ಲಿ ಅಪಾರ್ಟ್‌ಮೆಂಟ್ ಬೇಡವೆನ್ನಬಲ್ಲ ಮನೆಯೊಡೆಯರೂ ಹೌದು. ಅಂಥವರನ್ನು ಬರೆಯಲು ಹಳೆಯ ಮಾದರಿಗಳಲ್ಲಿ ಜಾಗವಿಲ್ಲ. ಬರೆಯುವವರಾದರೂ ಎಷ್ಟು ಮಂದಿ ಉಳಿದಿದ್ದಾರೆ? ನ್ಯೂಯಾರ್ಕ್ ಟೈಮ್ಸ್ 2019ರಲ್ಲಿ ತನ್ನ ಅಂತರರಾಷ್ಟ್ರೀಯ ಆವೃತ್ತಿಯಿಂದ ರಾಜಕೀಯ ವ್ಯಂಗ್ಯಚಿತ್ರವನ್ನೇ ಕೈಬಿಟ್ಟಿತು. 2023ರಲ್ಲಿ ಮೆಕ್ಲಾಚಿ ಪತ್ರಿಕಾ ಸಂಸ್ಥೆ ಪುಲಿಟ್ಜರ್ ವಿಜೇತ ಮೂವರು ಚಿತ್ರಕಾರರನ್ನು ಒಂದೇ ದಿನ ಮನೆಗೆ ಕಳಿಸಿತು. ದೇಶಕ್ಕೆಲ್ಲ ಹಂಚಿಕೆಯಾಗುವ ಚಿತ್ರದಲ್ಲಿ ಅಧ್ಯಕ್ಷನಿರುತ್ತಾನೆ, ಊರಿನ ಯೋಜನಾ ಮಂಡಳಿ ಇರುವುದಿಲ್ಲ. ವಲಯ ನಿಯಮಗಳ ತೀರ್ಮಾನವೋ ಊರೂರಿನಲ್ಲೇ ಆಗುತ್ತದೆ. ಆ ಸಭೆಯಲ್ಲಿ ಕೂತು ನಡಾವಳಿ ಕೇಳಿಸಿಕೊಳ್ಳುವ ಚಿತ್ರಕಾರನಿಗೆ ಇನ್ನು ಸಂಬಳ ಕೊಡುವವರು ಯಾರು ಎಂಬುದಕ್ಕೆ ಈ ಪಂಥಗಳಲ್ಲಿ ಯಾವುದೂ ಉತ್ತರ ಕೊಟ್ಟಿಲ್ಲ.